ಪ್ರಾಗ್‌ನಲ್ಲಿ ಮೂರು ದಿನ: ನೊರೆ ನೋಡಿ ಕುಡಿಯುವ ಊರಿನಲ್ಲೊಂದು ನಡಿಗೆ

ಪ್ರಾಗ್‌ಗೆ ಹೋದವರು ಬಿಯರ್ ಕುಡಿಯದೆ ಬರುವುದು ಕಡಿಮೆ. ಆದರೆ ಅದೇ ಪಿಲ್ಸ್‌ನರ್ (ಬಂಗಾರದ ಬಣ್ಣದ ಜೆಕ್ ಬಿಯರ್) ಒಂದು ಪಬ್ಬಿನಲ್ಲಿ ಅಷ್ಟು ಚೆನ್ನಾಗಿದ್ದು, ಎರಡು ಬೀದಿ ಆಚೆಯ ಇನ್ನೊಂದರಲ್ಲಿ ಯಾಕೆ ಸಪ್ಪೆಯಾಗಿತ್ತು ಎಂದು ಕೇಳಿದರೆ ಹೇಳಬಲ್ಲವರೂ ಕಡಿಮೆ. ಜೆಕ್ ಜನರಲ್ಲಿ ಒಂದು ಮಾತಿದೆ: ಬಿಯರ್ ಕುದಿಸುವವನು ಬ್ರೂವರಿಯವನು, ಅದನ್ನು ಬಿಯರ್ ಮಾಡುವವನು ಪಬ್ಬಿನ ನಲ್ಲಿಯ ಹಿಂದೆ ನಿಂತು ಸುರಿಯುವವನು. ಈ ಮಾತು ಅರ್ಥವಾಗುವುದಕ್ಕೆ ಒಳ್ಳೆಯ ಗೈಡ್ ಜೊತೆ ಪಬ್ಬಿಂದ ಪಬ್ಬಿಗೆ ತಿನ್ನುತ್ತಾ ಕುಡಿಯುತ್ತಾ ನಾಲ್ಕು ಗಂಟೆ ನಡೆಯುವುದಕ್ಕಿಂತ ಹತ್ತಿರದ ದಾರಿಯಿಲ್ಲ. ಮೊದಲ ದಿನ ಗೈಡ್ ಜೊತೆ, ಎರಡನೇ ದಿನ ಕಲಿತದ್ದನ್ನು ಇಟ್ಟುಕೊಂಡು ಸ್ವಂತವಾಗಿ, ಮೂರನೇ ದಿನ ಪಿಲ್ಸ್‌ನರ್ ಹುಟ್ಟಿದ ಪ್ಲ್‌ಜೆನ್ ಊರಿಗೆ ರೈಲು. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ನಡಿಗೆಯನ್ನು ಕೊನೆಯ ದಿನಕ್ಕೆ ಇಟ್ಟರೆ ಅಲ್ಲಿ ಕಲಿತದ್ದನ್ನು ಬಳಸಲು ದಿನಗಳೇ ಉಳಿದಿರುವುದಿಲ್ಲ.

ಬಂದಿಳಿದ ಸಂಜೆ

ವಾತ್ಸ್‌ಲಾವ್ ಹಾವೆಲ್ ವಿಮಾನ ನಿಲ್ದಾಣದ ಹೊರಗೆ 59 ನಂಬರಿನ ಟ್ರಾಲಿಬಸ್ ಸಿಗುತ್ತದೆ. 2024ಕ್ಕೆ ಮೊದಲು ಇದೇ ದಾರಿಯಲ್ಲಿ 119 ನಂಬರಿನ ಬಸ್ಸು ಓಡುತ್ತಿತ್ತು. ಹಳೆಯ ಗೈಡ್ ಪುಸ್ತಕಗಳಲ್ಲಿ ಇನ್ನೂ ಅದೇ ಇದೆ. ನಾದ್ರಾಝೀ ವೆಲೆಸ್ಲಾವೀನ್‌ನಲ್ಲಿ ಇಳಿದು ಹಸಿರು ಬಣ್ಣದ ಎ ಮೆಟ್ರೋ ಹಿಡಿದರೆ ನೇರ ಹಳೆ ಪಟ್ಟಣ. ಒಂದೇ ಟಿಕೆಟ್ ಎರಡಕ್ಕೂ ನಡೆಯುತ್ತದೆ. ಕಾಗದದ ಟಿಕೆಟ್ ಕೊಂಡರೆ ಮಾತ್ರ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪುವುದಿಲ್ಲ.

ದುಡ್ಡಿನ ವಿಷಯ. ಇಲ್ಲಿಯ ಹಣ ಕೊರುನಾ, ಯೂರೋ ಅಲ್ಲ. ಕೆಲವು ಅಂಗಡಿಗಳು ಯೂರೋ ತೆಗೆದುಕೊಳ್ಳುತ್ತವೆ, ಆದರೆ ಲೆಕ್ಕ ಅವರಿಗೆ ಅನುಕೂಲವಾಗಿಯೇ ಇರುತ್ತದೆ. ಎಟಿಎಂ ಅಥವಾ ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕಳೆಯಲೇ, ಕೊರುನಾದಲ್ಲಿ ಕಳೆಯಲೇ" ಎಂದು ಕೇಳಿದರೆ ಯಾವಾಗಲೂ ಕೊರುನಾ ಒತ್ತಿ. ನೋಟು ಬದಲಾಯಿಸಿ ಮೋಸಹೋದಿರಿ ಎನಿಸಿದರೆ ಒಂದು ದಾರಿಯಿದೆ: 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, 1000 ಯೂರೋ ಒಳಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಶೀದಿ ತೋರಿಸಿ ರದ್ದು ಮಾಡಿಸಬಹುದು. ಹಾಗಾಗಿ ರಶೀದಿ ಬಿಸಾಡಬೇಡಿ.

ನಡಿಗೆಯನ್ನು ಇನ್ನೂ ಕಾಯ್ದಿರಿಸಿಲ್ಲದಿದ್ದರೆ ಈ ಸಂಜೆಯೇ ಮಾಡಿ, ಆದರೆ ಹೆಸರು ನೋಡಿ ಮೋಸಹೋಗಬೇಡಿ. "ಪಬ್ ಕ್ರಾಲ್" ಬೇರೆ, ತಿನಿಸು-ಬಿಯರ್ ನಡಿಗೆ ಬೇರೆ. ಮೊದಲನೆಯದು ರಾತ್ರಿಯಿಡೀ ಬಾರಿಂದ ಬಾರಿಗೆ ಓಡಿಸುವ ವ್ಯಾಪಾರ. ಅದರ ಗಲಾಟೆ ತಾಳಲಾರದೆ ಪ್ರಾಗ್ ನಗರಸಭೆ 2024ರ ಕೊನೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗೈಡ್ ಕರೆದೊಯ್ಯುವ ಪಬ್ ಕ್ರಾಲ್‌ಗಳನ್ನು ನಿಷೇಧಿಸಿತು. ನಮಗೆ ಬೇಕಾದದ್ದು ಎರಡನೆಯದು: ಮೂರೂವರೆಯಿಂದ ನಾಲ್ಕು ಗಂಟೆ, ನಾಲ್ಕೈದು ನಿಲುಗಡೆ, ಗುಂಪಿನಲ್ಲಿ ಎಂಟರಿಂದ ಹತ್ತು ಜನ. ಹನ್ನೆರಡು ಮೀರಿದರೆ ಗುಂಪಿನ ಬಾಲದಲ್ಲಿದ್ದವರಿಗೆ ಗೈಡ್ ಮಾತು ಕೇಳಿಸುವುದಿಲ್ಲ, ಪಬ್ಬಿನಲ್ಲಿ ಒಂದೇ ಮೇಜು ಸಿಗುವುದೂ ಕಷ್ಟ. ಶುಲ್ಕದಲ್ಲಿ ಎಷ್ಟು ಬಿಯರ್, ಯಾವ ಅಳತೆ, ಊಟದ ಮಟ್ಟದ ತಿನಿಸೋ ಬರೀ ರುಚಿ ನೋಡುವಷ್ಟೋ ಎಂಬುದನ್ನು ಮೊದಲೇ ಬರೆದು ಕೇಳಿ. "ಅನಿಯಮಿತ ಬಿಯರ್" ಎಂದು ದೊಡ್ಡ ಅಕ್ಷರದಲ್ಲಿ ಹಾಕಿರುವ ನಡಿಗೆಗಳಲ್ಲಿ ಊಟ ಹೆಸರಿಗಷ್ಟೇ ಇರುತ್ತದೆ.

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಹೇಳಬೇಕು, ಬಂದ ಮೇಲೆ ಅಲ್ಲ. ಗೈಡ್ ಪ್ರತಿ ಅಡುಗೆಮನೆಗೂ ಮೊದಲೇ ಲೆಕ್ಕ ಕೊಟ್ಟಿರುತ್ತಾರೆ. ಕೊನೆ ಗಳಿಗೆಯಲ್ಲಿ ಹೇಳಿದರೆ ಸಿಗುವುದು ಬ್ರೆಡ್ ಮತ್ತು ಉಪ್ಪಿನಕಾಯಿ ಹಾಕಿದ ಸೌತೆ. "ಮಾಂಸ ತಿನ್ನುವುದಿಲ್ಲ" ಎಂದರೆ ಸಾಲದು. ಸೂಪಿಗೆ ಮಾಂಸದ ಸಾರು, ಹುರಿಯಲು ಹಂದಿಯ ಕೊಬ್ಬು ಬಳಸುವುದು ಇಲ್ಲಿ ರೂಢಿ, ಅದನ್ನು ಅವರು ಮಾಂಸವೆಂದು ಎಣಿಸದೆಯೂ ಇರಬಹುದು. ಸಾರು, ಕೊಬ್ಬು ಎರಡನ್ನೂ ಹೆಸರಿಟ್ಟು ಬರೆಯಿರಿ. ದನದ ಮಾಂಸ ಅಥವಾ ಹಂದಿಮಾಂಸ ಮಾತ್ರ ಬೇಡ ಎನ್ನುವವರು ಮೆನುವಿನಲ್ಲಿ ನೋಡಬೇಕಾದ ಪದಗಳು ಮೂರು: "ಹೊವ್ಯೆಜೀ" ದನ, "ವೆಪ್ರ್ಶೊವೇ" ಹಂದಿ, "ಕುರ್ಝೆತ್ಸೀ" ಕೋಳಿ.

ಮೊದಲ ದಿನ: ಗೈಡ್ ಜೊತೆ ಹಳೆ ಪಟ್ಟಣ

ಸಂಜೆ 4ರ ನಡಿಗೆಗಿಂತ ಬೆಳಗ್ಗೆ 11ರ ಅಥವಾ ಮಧ್ಯಾಹ್ನದ ನಡಿಗೆ ವಾಸಿ. ಆಗ ಪಬ್ಬುಗಳಲ್ಲಿ ಜಾಗವಿರುತ್ತದೆ, ನಲ್ಲಿಯ ಹಿಂದಿನವನಿಗೆ ಮಾತಾಡಲು ಬಿಡುವಿರುತ್ತದೆ. ಬೆಳಗಿನ ತಿಂಡಿ ಲಘುವಾಗಿ ಮಾಡಿ, ಬಿಟ್ಟುಬಿಡಬೇಡಿ. ಬೀದಿಗಳೆಲ್ಲ ಚೌಕ ಕಲ್ಲು ಹಾಸಿದವು. ಅಂಗಾಲು ತೆಳುವಾದ ಚಪ್ಪಲಿ ಹಾಕಿದವರು ಎರಡನೇ ನಿಲುಗಡೆಗೇ ಸುಸ್ತಾಗುತ್ತಾರೆ. ಸೇರುವ ಜಾಗಕ್ಕೆ ಹತ್ತು ನಿಮಿಷ ಮೊದಲೇ ಹೋಗಿ. ಮೇಜುಗಳು ಗಂಟೆ ಹಿಡಿದು ಕಾಯ್ದಿರಿಸಿದವು, ತಡವಾದವರಿಗಾಗಿ ಗುಂಪು ಕಾಯುವುದಿಲ್ಲ.

ಹಳೆ ಪಟ್ಟಣದಲ್ಲಿ ಇಂಥ ನಡಿಗೆಗೆ ದ್ಲೌಹಾ ಬೀದಿಗಿಂತ ಒಳ್ಳೆಯ ಆರಂಭವಿಲ್ಲ. ಮೊದಲು ಬಿಯರ್ ಇಲ್ಲದ ತಿನಿಸು: ಖ್ಲೆಬೀಚೆಕ್. ಉದ್ದನೆಯ ಬಿಳಿ ಬ್ರೆಡ್ಡಿನ ಓರೆ ತುಂಡು, ಅದರ ಮೇಲೆ ಆಲೂಗಡ್ಡೆ ಸಲಾಡ್, ಮೇಲೆ ಹ್ಯಾಮ್, ಬೇಯಿಸಿದ ಮೊಟ್ಟೆ, ಸೌತೆಯ ಚೂರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯಾನ್ ಪೌಕೆರ್ಟ್ ಎಂಬ ಅಂಗಡಿಯವರು ಇದನ್ನು ಮೊದಲು ಮಾಡಿದರೆಂಬುದು ಊರಿನಲ್ಲಿ ನಡೆದುಬಂದ ಮಾತು. ಮಾಂಸ ಬೇಡದವರಿಗೆ ಬೀಟ್‌ರೂಟ್ ಮತ್ತು ಮೇಕೆ ಹಾಲಿನ ಚೀಸ್ ಹಾಕಿದ್ದು ಸಿಗುತ್ತದೆ. ಆಲೂಗಡ್ಡೆ ಮತ್ತು ಬ್ರೆಡ್ಡು ಹೊಟ್ಟೆಗೆ ಮೊದಲು ಬಿದ್ದರೆ ಮುಂದಿನ ಬಿಯರ್ ನಿಧಾನವಾಗಿ ಏರುತ್ತದೆ. ಒಳ್ಳೆಯ ಗೈಡ್ ಇದನ್ನು ಮೊದಲಿಗೆ ಇಡುವುದೇ ಅದಕ್ಕಾಗಿ.

ಅದೇ ಬೀದಿಯ 39ನೇ ನಂಬರಿನಲ್ಲಿ ನಶೆ ಮಾಸೊ ಎಂಬ ಮಾಂಸದ ಅಂಗಡಿ ಇದೆ. ಕೊಳ್ಳುವವರ ಸಾಲಿನ ಪಕ್ಕದಲ್ಲೇ ನಿಂತು ತಿನ್ನುವವರು. ಸಾಸೇಜು, ಬಿಸಿ ಮೀಟ್‌ಲೋಫ್, ಸಾಸಿವೆ. ಟಾರ್ಟಾರ್ ಎಂದರೆ ಹಸಿ ದನದ ಮಾಂಸ, ಅರಿಯದೆ ಕೈಹಾಕಬೇಡಿ. ಕೂರಲು ಜಾಗ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹಾಗಾಗಿ ಇಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕೆಲವೇ ಹೆಜ್ಜೆಯಲ್ಲಿ, 33ನೇ ನಂಬರಿನಲ್ಲಿ, ಲೋಕಾಲ್ ಇದೆ. ಸುರಂಗದಂಥ ಉದ್ದನೆಯ ಹಜಾರ, ನಲ್ಲಿಯ ಕಟ್ಟೆ, ಬಿಯರ್ ಟ್ಯಾಂಕುಗಳು. ಈ ಟ್ಯಾಂಕುಗಳನ್ನು ಗಮನಿಸಿ. ಬ್ರೂವರಿಯ ಲಾರಿ ಪಾಶ್ಚರೀಕರಿಸದ (ಕೆಡದಂತೆ ಬಿಸಿಮಾಡದ) ಬಿಯರನ್ನು ನೇರವಾಗಿ ಇದರೊಳಗಿನ ಚೀಲಕ್ಕೆ ತುಂಬುತ್ತದೆ. ಚೀಲದ ಹೊರಗೆ ಗಾಳಿಯ ಒತ್ತಡ ಕೊಟ್ಟಾಗ ಬಿಯರ್ ನಲ್ಲಿಗೆ ಬರುತ್ತದೆ, ಗಾಳಿ ಮಾತ್ರ ಅದಕ್ಕೆ ತಾಗುವುದೇ ಇಲ್ಲ. ಪಾಶ್ಚರೀಕರಿಸದ ಬಿಯರ್ ಬೇಗ ಕೆಡುತ್ತದೆ, ಆದ್ದರಿಂದ ದಿನಕ್ಕೆ ನೂರಾರು ಗ್ಲಾಸು ಹೋಗುವ ಪಬ್ಬಿಗೆ ಮಾತ್ರ ಟ್ಯಾಂಕು ಹೊಂದುತ್ತದೆ. ಖಾಲಿ ಹೊಡೆಯುವ ಪಬ್ಬಿನಲ್ಲಿ ಟ್ಯಾಂಕ್ ಬಿಯರಿನ ಫಲಕ ಕಂಡರೆ ಹಿಂಜರಿಯುವುದು ಒಳ್ಳೆಯದು.

ಗೈಡ್‌ಗೆ ಹೇಳಿ ನಲ್ಲಿ ಕಾಣುವ ಜಾಗದಲ್ಲೇ ನಿಂತುಕೊಳ್ಳಿ. ಗ್ಲಾಸನ್ನು ಮೊದಲು ತಣ್ಣೀರಿನಲ್ಲಿ ತೊಳೆದು ಒದ್ದೆಯಾಗಿಯೇ ಎತ್ತುತ್ತಾರೆ. ಒಣಗಿದ, ಬೆಚ್ಚಗಿನ ಗ್ಲಾಸಾದರೆ ಬಿಯರ್ ತಾಗಿದ ಕೂಡಲೇ ದಪ್ಪ ಗುಳ್ಳೆ ಏಳುತ್ತದೆ. ಗ್ಲಾಸನ್ನು ಓರೆಯಾಗಿ ಹಿಡಿದು ನಲ್ಲಿಯನ್ನು ಅರ್ಧ ತೆರೆಯುತ್ತಾರೆ. ಮೊದಲು ಬರುವುದು ಕೆನೆಯಂಥ ಒದ್ದೆ ನೊರೆ. ನಂತರ ನಲ್ಲಿಯ ಮೂತಿ ಆ ನೊರೆಯೊಳಗೆ ಮುಳುಗಿರುವಂತೆಯೇ ಪೂರ್ತಿ ತೆರೆದರೆ ಬಿಯರ್ ನೊರೆಯ ಅಡಿಯಲ್ಲಿ ಏರುತ್ತಾ ನೊರೆಯನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಏಟಿಗೆ ಮುಗಿಯಬೇಕು. ಇದು ಹ್ಲಾದಿಂಕಾ: ಮೇಲೆ ಮೂರು ಬೆರಳು ನೊರೆ, ಕೆಳಗೆ ಬಿಯರ್. "ನೊರೆ ತುಂಬಿಸಿ ಮೋಸ ಮಾಡಿದರು" ಎಂದು ನಮ್ಮ ಜನ ಗೊಣಗುವುದು ಇಲ್ಲಿಯೇ. ಮೋಸವಲ್ಲ. ಗ್ಲಾಸಿನ ಮೇಲೆ 0,5 ಎಂಬ ಗೆರೆ ಇದೆ, ನೊರೆ ಇಳಿದ ಮೇಲೆ ಬಿಯರ್ ಅಲ್ಲಿಗೆ ಬರಬೇಕು ಅಷ್ಟೆ. ನೊರೆ ಮುಚ್ಚಳದ ಹಾಗೆ ನಿಂತು ಗಾಳಿ ತಾಗದಂತೆ, ಹಾಪ್ಸಿನ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಿನ) ಘಮ ಹಾರಿಹೋಗದಂತೆ ತಡೆಯುತ್ತದೆ.

ಅದೇ ಬಿಯರನ್ನೇ ಬೇರೆ ಬಗೆಯಲ್ಲಿ ಸುರಿಯಲು ಕೇಳಬಹುದು. ಶ್ನಿಟ್ ಎಂದರೆ ದೊಡ್ಡ ಗ್ಲಾಸಿನಲ್ಲಿ ಎರಡು ಬೆರಳು ಬಿಯರ್, ಮೂರು ಬೆರಳು ನೊರೆ, ಮೇಲೆ ಒಂದು ಬೆರಳು ಖಾಲಿ. ಇನ್ನೊಂದು ಪೂರ್ತಿ ಗ್ಲಾಸು ಬೇಡ, ಆದರೆ ಎದ್ದು ಹೋಗಲೂ ಮನಸ್ಸಿಲ್ಲ ಎನ್ನುವವರಿಗೆ. ಮ್ಲೀಕೊ ಎಂದರೆ ಬಹುತೇಕ ಪೂರ್ತಿ ಒದ್ದೆ ನೊರೆ. ಅದು ಸಿಹಿಯಾಗಿ, ಕಹಿಯಿಲ್ಲದೆ ಇರುತ್ತದೆ, ನಿಂತ ನಿಲುವಿನಲ್ಲೇ ಕುಡಿದು ಮುಗಿಸಬೇಕು. ಇಟ್ಟುಕೊಂಡು ಹರಟಿದರೆ ನೊರೆ ಒಡೆದು ಸಪ್ಪೆ ನೀರಾಗುತ್ತದೆ. ಮೂರನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಿದಾಗ, ಒಂದೇ ಟ್ಯಾಂಕಿನ ಬಿಯರ್ ಕೈಚಳಕದಿಂದ ಎಷ್ಟು ಬೇರೆಯಾಗುತ್ತದೆ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಇಡೀ ನಡಿಗೆಯ ಹಣ ಇಲ್ಲಿಗೇ ವಸೂಲಾಯಿತು ಎನ್ನಬಹುದು.

ಕುಡಿಯುತ್ತಾ ಗ್ಲಾಸಿನ ಒಳಗೋಡೆ ನೋಡಿ. ಪ್ರತಿ ಗುಟುಕಿಗೂ ನೊರೆಯ ಒಂದೊಂದು ಉಂಗುರ ಅಂಟಿ ಉಳಿಯಬೇಕು. ಅದರ ಬದಲು ಗೋಡೆಗೆ ಗುಳ್ಳೆಗಳು ಅಲ್ಲಲ್ಲಿ ಅಂಟಿಕೊಂಡಿದ್ದರೆ, ನೊರೆ ಒಂದೆರಡು ನಿಮಿಷದಲ್ಲೇ ಮಾಯವಾದರೆ ಗ್ಲಾಸಿನಲ್ಲಿ ಜಿಡ್ಡಿದೆ. ತುಟಿಗೆ ಹಚ್ಚಿದ ಬಣ್ಣ, ಕರಿದ ತಿಂಡಿ ತಿಂದ ಬಾಯಿಯ ಎಣ್ಣೆಯೂ ನೊರೆ ಒಡೆಯುತ್ತವೆ, ಆದ್ದರಿಂದ ದೂರುವ ಮುನ್ನ ಬಾಯಿ ಒರೆಸಿಕೊಂಡು ನೋಡಿ. ಹುಳಿ ವಾಸನೆ ಬಂದರೆ ನಲ್ಲಿಯ ಕೊಳವೆ ತೊಳೆದಿಲ್ಲ. ಸಣ್ಣಗೆ ಬೆಣ್ಣೆಯ ಘಮ ಬಂದರೆ ಗಾಬರಿ ಬೇಡ, ಪ್ಲ್‌ಜೆನ್‌ನ ಬ್ರೂವರಿಯ ಪಿಲ್ಸ್‌ನರ್ ಉರ್ಕೆಲ್‌ನಲ್ಲಿ ಅದು ಸ್ವಲ್ಪ ಇದ್ದದ್ದೇ.

ಫಲಕದ ಮೇಲೆ 10°, 12° ಎಂದಿರುವುದು ಮದ್ಯದ ಪ್ರಮಾಣವಲ್ಲ. ಹುದುಗಿಸುವ ಮೊದಲು ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸದಲ್ಲಿ ಕರಗಿದ್ದ ಸಾರ, ನೂರು ಗ್ರಾಮಿಗೆ ಇಷ್ಟು ಗ್ರಾಮು ಎಂಬ ಲೆಕ್ಕ. 10° ಸುಮಾರು 4 ಶೇಕಡಾ ಮದ್ಯಕ್ಕೆ, 12° ಸುಮಾರು 5ಕ್ಕೆ ಬರುತ್ತದೆ. ಪಿಲ್ಸ್‌ನರ್ ಉರ್ಕೆಲ್ 12ರ ಸಾಲಿನದಾದರೂ 4.4 ಮಾತ್ರ, ಯಾಕೆಂದರೆ ಸಾರದ ಒಂದಷ್ಟು ಭಾಗವನ್ನು ಮದ್ಯವಾಗಲು ಬಿಡದೆ ಉಳಿಸಿಕೊಳ್ಳುತ್ತಾರೆ. ಬಾಯಿ ತುಂಬುವ ಆ ಗುಣ ಬರುವುದು ಅಲ್ಲಿಂದ. ನಡಿಗೆಯಲ್ಲಿ ಪ್ರತಿ ನಿಲುಗಡೆಗೂ 0.3 ಲೀಟರಿನ ಸಣ್ಣ ಗ್ಲಾಸೇ ಕೇಳಿ. ಐದು ಸಣ್ಣವೆಂದರೂ ಒಂದೂವರೆ ಲೀಟರು. ದೊಡ್ಡ ಗ್ಲಾಸಿನಲ್ಲಿ ಶುರು ಮಾಡಿದವರು ನಾಲ್ಕನೇ ಪಬ್ಬಿನಲ್ಲಿ ಗೈಡ್ ಹೇಳುವುದನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಬಿಯರ್ ಜೊತೆಗಿನ ಸಣ್ಣ ತಿನಿಸುಗಳನ್ನು ಇಲ್ಲಿಯೇ ತರಿಸುತ್ತಾರೆ. ಉತೊಪೆನೆತ್ಸ್ ಎಂದರೆ ಈರುಳ್ಳಿ, ಮೆಣಸು, ಪಲಾವ್ ಎಲೆ ಹಾಕಿದ ವಿನೆಗರಿನಲ್ಲಿ ದಿನಗಟ್ಟಲೆ ನೆನೆದ ದಪ್ಪ ಸಾಸೇಜು. ನಮ್ಮ ನಾಲಿಗೆಗೆ ಬೇಗ ಒಗ್ಗುವುದು ನಕ್ಲಾದನೀ ಹೆರ್ಮೆಲೀನ್: ಕಮಾಂಬೇರ್ ಬಗೆಯ ಮೆತ್ತನೆಯ ಚೀಸನ್ನು ಅಡ್ಡಕ್ಕೆ ಸೀಳಿ, ನಡುವೆ ಬೆಳ್ಳುಳ್ಳಿ, ಈರುಳ್ಳಿ, ಕೆಂಪು ಮೆಣಸಿನಪುಡಿ ತುಂಬಿ, ಎಣ್ಣೆಯಲ್ಲಿ ವಾರದ ಮೇಲೆ ಮುಳುಗಿಸಿಟ್ಟದ್ದು. ಖಾರವಿದೆ, ಮಾಂಸವಿಲ್ಲ. ಕರಿದ ಚೀಸ್ ಸ್ಮಾಝೆನೀ ಸೀರ್ ಕೂಡ ಸಸ್ಯಾಹಾರಿಗಳ ಊರುಗೋಲು, ಆದರೆ ಮೂರು ಹೊತ್ತೂ ಅದನ್ನೇ ತಿನ್ನುವ ಪಾಡು ಬೇಕಿಲ್ಲ. ಅಣಬೆ, ಸಬ್ಬಸಿಗೆ, ಆಲೂಗಡ್ಡೆ, ಕೆನೆ, ಮೇಲೊಂದು ಮೊಟ್ಟೆ ಹಾಕುವ ಕುಲಾಯ್ದಾ ಸೂಪನ್ನು ಮಾಂಸದ ಸಾರಿಲ್ಲದೆ ಮಾಡಿದ್ದಾರೆಯೇ ಎಂದು ಕೇಳಿ ನೋಡಿ.

ಊಟದ ನಿಲುಗಡೆಯನ್ನು ಯುಂಗ್ಮನ್ ಚೌಕದ ಉ ಪಿಂಕಾಸು ಥರದ ಹಳೆಯ ಪಬ್ಬಿನಲ್ಲಿಟ್ಟರೆ ಕಥೆಗೂ ಹೊಂದುತ್ತದೆ. 1843ರಲ್ಲಿ ಯಾಕುಬ್ ಪಿಂಕಾಸ್ ಪ್ಲ್‌ಜೆನ್‌ನ ಹೊಸ ಬಿಯರನ್ನು ಪ್ರಾಗ್‌ನಲ್ಲಿ ಮೊದಲು ಸುರಿದದ್ದು ಇಲ್ಲಿ. ತಟ್ಟೆಗೆ ಬರುವುದು ಸ್ವೀಚ್ಕೊವಾ: ದನದ ಮಾಂಸ, ಗಜ್ಜರಿ-ಸೆಲರಿ ಬೇರನ್ನು ಅರೆದು ಕೆನೆ ಬೆರೆಸಿದ ಗೊಜ್ಜು, ನಿಂಬೆಯ ಬಿಲ್ಲೆ, ಕ್ರ್ಯಾನ್‌ಬೆರಿ. ಜೊತೆಗೆ ಕ್ನೆದ್ಲೀಕ್. ಮೈದಾ, ಈಸ್ಟು, ಹಾಲು, ಮೊಟ್ಟೆ, ಹಳೆಯ ಬ್ರೆಡ್ಡಿನ ಚೂರು ಕಲಸಿ ಉದ್ದ ಉರುಳೆ ಮಾಡಿ ಬೇಯಿಸುವ ಇದು ಕಡುಬಿನಷ್ಟೇ ಮೆತ್ತಗಿರುತ್ತದೆ. ಬೆಂದು ಹೊರಗೆ ತೆಗೆದ ಕೂಡಲೇ ಅಲ್ಲಲ್ಲಿ ಚುಚ್ಚಿ ಹಬೆ ಬಿಡಬೇಕು, ಇಲ್ಲದಿದ್ದರೆ ಕುಸಿದು ಅಂಟಾಗುತ್ತದೆ. ದಾರ ಸುತ್ತಿ ಎಳೆದು ಕತ್ತರಿಸುತ್ತಾರೆ. ಚಾಕು ಒತ್ತಿದರೆ ಒಳಗಿನ ಗಾಳಿಯೆಲ್ಲ ಹೋಗಿ ಅಂಚು ಹಿಟ್ಟಾಗುತ್ತದೆ. ಅಂಚು ನೀಟಾಗಿ, ರಂಧ್ರ ತೆರೆದಂತೆ ಇದ್ದರೆ ಆ ಅಡುಗೆಮನೆಯನ್ನು ನಂಬಬಹುದು.

ಮುಗಿದ ಮೇಲೆ ಗೈಡ್‌ಗೆ ಹತ್ತು ಶೇಕಡಾ ಭಕ್ಷೀಸು ಸಾಕು. ಬೀಳ್ಕೊಡುವ ಮುನ್ನ ಅವರು ರಜೆಯ ದಿನ ಕುಡಿಯುವ ಪಬ್ಬು ಯಾವುದು ಎಂದು ಕೇಳಿ ಬರೆದುಕೊಳ್ಳಿ.

ಎರಡನೇ ದಿನ: ಗೈಡ್ ಇಲ್ಲದೆ

ಶನಿವಾರವಾದರೆ ಬೆಳಗ್ಗೆ ವ್ಲ್ತವಾ ನದಿಯ ದಂಡೆಯ ನಾಪ್ಲಾವ್ಕಾ ಸಂತೆ. ಬೇರೆ ದಿನವಾದರೆ ನೇರ ಮಧ್ಯಾಹ್ನದ ಊಟಕ್ಕೆ ಹೋಗಿ. ವಾರದ ದಿನಗಳಲ್ಲಿ 11ರಿಂದ 2ರವರೆಗೆ ಪಬ್ಬುಗಳು "ಪೊಲೆದ್ನೀ ಮೆನು" ಎಂಬ ದಿನದೂಟ ಇಡುತ್ತವೆ, ಆಫೀಸಿನವರು ತಿನ್ನುವ ಊಟ, ಸಂಜೆಯ ಬೆಲೆಗಿಂತ ಎಷ್ಟೋ ಕಡಿಮೆ. ಒಂದೂವರೆ ಆದ ಮೇಲೆ ಹೋದರೆ ಒಳ್ಳೆಯ ಪದಾರ್ಥ ಮುಗಿದಿರುತ್ತದೆ. ಹಳೆ ಪಟ್ಟಣದ ಚೌಕದಲ್ಲಿ ಮಾತ್ರ ಊಟಕ್ಕೆ ನಿಲ್ಲಬೇಡಿ. ಅಲ್ಲಿ ಬೆಂಕಿಯ ಮೇಲೆ ಸುಡುವ ಹ್ಯಾಮಿನ ಫಲಕದಲ್ಲಿರುವುದು 100 ಗ್ರಾಮಿನ ಬೆಲೆ, ತಟ್ಟೆಗೆ ಬೀಳುವುದು ಅದರ ಎರಡು ಮೂರು ಪಟ್ಟು. ಪ್ರತಿ ಮೂಲೆಯಲ್ಲೂ ಮಾರುವ ಟ್ರ್ದೆಲ್ನೀಕ್ ಎಂಬ ಸಿಹಿ ಸುರುಳಿ ಪ್ರವಾಸಿಗರಿಗಾಗಿ ಬಂದದ್ದು, ಪ್ರಾಗ್‌ನ ಹಳೆಯ ತಿಂಡಿಯಲ್ಲ.

ಹುಸೋವಾ ಬೀದಿಯ ಉ ಝ್ಲತೇಹೊ ತಿಗ್ರಾ ಮಧ್ಯಾಹ್ನ 3ಕ್ಕೆ ಬಾಗಿಲು ತೆರೆಯುತ್ತದೆ. ಸಾಹಿತಿ ಬೊಹುಮಿಲ್ ಹ್ರಬಾಲ್ ಕೂರುತ್ತಿದ್ದ ಪಬ್ಬು. 1994ರ ಜನವರಿಯಲ್ಲಿ ಅಧ್ಯಕ್ಷ ಹಾವೆಲ್ ಅವರು ಬಿಲ್ ಕ್ಲಿಂಟನ್ ಅವರನ್ನು ಕರೆತಂದದ್ದೂ ಇಲ್ಲಿಗೇ. ಎರಡೂವರೆಗೇ ಬಾಗಿಲ ಮುಂದೆ ಸಾಲು ಇರುತ್ತದೆ. ಸಂಜೆಗೆ ಮೇಜುಗಳು ಖಾಯಂ ಗಿರಾಕಿಗಳ ಪಾಲು, ಆದ್ದರಿಂದ ಬೇಗ ಹೋಗಿ ಬೇಗ ಏಳುವ ಲೆಕ್ಕವಿಟ್ಟುಕೊಳ್ಳಿ. ಖಾಲಿ ಕುರ್ಚಿ ಕಂಡರೂ "ಯೆ ತು ವೊಲ್ನೊ?" ಎಂದು ಕೇಳಿಯೇ ಕೂರಬೇಕು, ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಇಲ್ಲಿ ಸಹಜ. ಗ್ಲಾಸಿನ ಅಡಿಗಿಡುವ ರಟ್ಟಿನ ಬಿಲ್ಲೆಯನ್ನು ಮುಂದೆ ಇಟ್ಟುಕೊಂಡರೆ ಕೇಳದೆಯೇ ಬಿಯರ್ ಬರುತ್ತದೆ, ಗ್ಲಾಸು ಮುಗಿಯುತ್ತಿದ್ದಂತೆ ಇನ್ನೊಂದು ಬರುತ್ತದೆ. ಪ್ರತಿ ಬಿಯರಿಗೂ ಮೇಜಿನ ಮೇಲಿನ ಕಾಗದದ ಚೀಟಿಗೆ ಒಂದು ಗೀಟು. ಅದೇ ನಿಮ್ಮ ಲೆಕ್ಕಪುಸ್ತಕ, ಅದರ ಮೇಲೆ ಗೀಚುವುದು, ಜೇಬಿಗಿಳಿಸುವುದು ಮಾಡಬಾರದು. ಸಾಕೆನಿಸಿದಾಗ ಗ್ಲಾಸಿನಲ್ಲಿ ಎರಡು ಗುಟುಕು ಇರುವಾಗಲೇ "ಝಪ್ಲಾತೀಮ್" (ದುಡ್ಡು ಕೊಡುತ್ತೇನೆ) ಎಂದುಬಿಡಿ, ತಡಮಾಡಿದರೆ ಮುಂದಿನದು ಬಂದೇಬಿಟ್ಟಿರುತ್ತದೆ. ಬಿಲ್ಲು 187 ಆದರೆ 200 ಎಂದು ಬಾಯಲ್ಲಿ ಹೇಳಿ ಕೊಡಿ. ಭಕ್ಷೀಸನ್ನು ಮೇಜಿನ ಮೇಲೆ ಬಿಟ್ಟು ಹೋಗುವ ಪದ್ಧತಿ ಇಲ್ಲಿಲ್ಲ. ಬೇರೆ ಕೆಲವು ಕಡೆ ಮೇಜಿನ ಮೇಲೆ ಬುಟ್ಟಿಯಲ್ಲಿಟ್ಟ ಬ್ರೆಡ್ಡು, ಉಪ್ಪು ಹಾಕಿದ ಪ್ರೆಟ್ಜೆಲ್ ಪುಕ್ಕಟೆಯಲ್ಲ, ಎಣಿಸಿ ಬರೆಯುತ್ತಾರೆ.

1499ರಿಂದ ಬಿಯರ್ ಮಾಡುತ್ತಿರುವ ಉ ಫ್ಲೆಕು ನೋಡಲೇಬೇಕೆನ್ನುವವರು ಅಲ್ಲಿಯ 13° ಕಪ್ಪು ಲಾಗರ್ ಒಂದೇ ಒಂದು ಕುಡಿದು ಬನ್ನಿ. ಬಿಯರ್ ನಿಜಕ್ಕೂ ಚೆನ್ನಾಗಿದೆ. ಮಾಣಿಗಳು ತಟ್ಟೆಯಲ್ಲಿ ಹೊತ್ತು ತಂದು ಮುಂದಿಡುವ ಸಣ್ಣ ಲೋಟದ ಮದ್ಯಕ್ಕೂ ದುಡ್ಡಿದೆ. "ನೆ, ಜೆಕುಯಿ" (ಬೇಡ, ಧನ್ಯವಾದ) ಎಂದು ನಯವಾಗಿ ಹೇಳಿದರೆ ಮುಂದೆ ಹೋಗುತ್ತಾರೆ. ಬೇಸಿಗೆಯಾದರೆ ಸಂಜೆಗೆ ಲೆತ್ನಾ ಗುಡ್ಡದ ಮರಗಳ ಅಡಿಯ ಬಿಯರ್ ತೋಟ. ಅಲ್ಲಿ ಲೋಟಕ್ಕೆ ಠೇವಣಿ ಕೊಟ್ಟು, ಸಾಲಿನಲ್ಲಿ ನಿಂತು ತಾವೇ ತಂದುಕೊಳ್ಳಬೇಕು. ವಾಹನ ಓಡಿಸುವವರು ಒಂದು ಗುಟುಕೂ ಕುಡಿಯುವಂತಿಲ್ಲ. ಜೆಕ್ ಕಾನೂನಿನಲ್ಲಿ ಚಾಲಕರಿಗೆ ಮಿತಿ ಸೊನ್ನೆ.

ಮೂರನೇ ದಿನ: ಪ್ಲ್‌ಜೆನ್

ಪ್ರಾಗ್ ಮುಖ್ಯ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆಯ ರೈಲು. ಬ್ರೂವರಿ ನೋಡುವ ಟಿಕೆಟನ್ನು ಭಾಷೆ ಮತ್ತು ಗಂಟೆ ನೋಡಿ ಮೊದಲೇ ತೆಗೆದುಕೊಂಡು, ಅದಕ್ಕೆ ತಕ್ಕಂತೆ ರೈಲು ಆರಿಸಿ. ಇಂಗ್ಲಿಷ್ ಸುತ್ತುಗಳು ದಿನಕ್ಕೆ ಕೆಲವೇ. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ 1892ರ ಜೋಡಿ ಕಮಾನಿನ ಹೆಬ್ಬಾಗಿಲು, ಬ್ರೂವರಿಗೆ ಐವತ್ತು ತುಂಬಿದಾಗ ಕಟ್ಟಿಸಿದ್ದು.

1838ರಲ್ಲಿ ಊರಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ 36 ಪೀಪಾಯಿಗಳನ್ನು ಪುರಭವನದ ಮುಂದೆ ಚೆಲ್ಲಿದರಂತೆ. ಆ ಸಿಟ್ಟಿನಲ್ಲೇ ನಾಗರಿಕರು ತಮ್ಮದೇ ಬ್ರೂವರಿ ಕಟ್ಟಿ ಬವೇರಿಯಾದ ಯೋಸೆಫ್ ಗ್ರೋಲ್‌ನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಪಿಲ್ಸ್‌ನರ್ ಕುದಿಸಿದ. ತಿಳಿಯಾದ ಬಣ್ಣದ ಮಾಲ್ಟು, ಝತೆತ್ಸ್ ಊರಿನ ಹಾಪ್ಸು, ಪ್ಲ್‌ಜೆನ್‌ನ ಮೆದು ನೀರು. ಗಡಸು ನೀರಾಗಿದ್ದರೆ ಅಷ್ಟು ಹಾಪ್ಸಿನ ಕಹಿ ನಾಲಿಗೆ ಕೆರೆಯುತ್ತಿತ್ತು. ತಾಮ್ರದ ಹಂಡೆಗಳ ಮುಂದೆ ನಿಂತಾಗ ಕೇಳಬೇಕಾದ್ದು ಮೂರು ಸಲ ಕುದಿಸುವ ಕ್ರಮ: ಮಾಲ್ಟಿನ ಗಂಜಿಯ ಒಂದು ಪಾಲನ್ನು ಬೇರೆ ತೆಗೆದು ಕುದಿಸಿ ಮತ್ತೆ ಬೆರೆಸುತ್ತಾರೆ, ಅದರಿಂದ ಇಡೀ ಗಂಜಿಯ ಬಿಸಿ ಒಂದು ಮೆಟ್ಟಿಲು ಏರುತ್ತದೆ, ಹೀಗೆ ಮೂರು ಬಾರಿ. ಆ ಬಂಗಾರದ ಬಣ್ಣ, ಬ್ರೆಡ್ಡಿನ ತೊಗಟೆಯ ರುಚಿ ಬರುವುದು ಈ ಕುದಿತದಿಂದ.

ಕೊನೆಗೆ ನೆಲಮಾಳಿಗೆ. ಒಟ್ಟು ಒಂಬತ್ತು ಕಿಲೋಮೀಟರಿನ ಸುರಂಗ ಜಾಲದ ಒಂದು ತುಣುಕನ್ನಷ್ಟೇ ತೋರಿಸುತ್ತಾರೆ. ಜುಲೈ ತಿಂಗಳಾದರೂ ಒಳಗೆ ಕೊರೆಯುವ ಚಳಿ, ನೆಲ ಒದ್ದೆ. ಜಾಕೆಟ್ ಮತ್ತು ಜಾರದ ಶೂ ಬೇಕೇ ಬೇಕು. ಅಲ್ಲಿ ಓಕ್ ಮರದ ಪೀಪಾಯಿಯಿಂದ ಸೋಸದ, ಪಾಶ್ಚರೀಕರಿಸದ ಬಿಯರನ್ನು ನೇರ ಗ್ಲಾಸಿಗೆ ಬಿಡುತ್ತಾರೆ. ಸ್ವಲ್ಪ ಮಬ್ಬಾಗಿ, ಕಹಿ ಹೆಚ್ಚಾಗಿ, ಬಾಯಿ ತುಂಬುವಂತಿರುತ್ತದೆ. ಲೋಕಾಲ್‌ನ ಹ್ಲಾದಿಂಕಾದ ರುಚಿ ನಾಲಿಗೆಯ ಮೇಲಿರುವವರಿಗೆ ಈಸ್ಟನ್ನು ಸೋಸಿ ತೆಗೆದಾಗ ಏನು ಹೋಗುತ್ತದೆ ಎಂಬುದು ಇಲ್ಲಿ ತಕ್ಷಣ ಹೊಳೆಯುತ್ತದೆ. ಗುಂಪು ಮುಂದೆ ಹೊರಟರೂ ಗಡಬಡಿಸಿ ಕುಡಿಯಬೇಡಿ.

ಸಂಜೆಯ ರೈಲಿಗೆ ಮುಂಚೆ ಸಮಯವಿದ್ದರೆ ಸೇಂಟ್ ಬಾರ್ತಲೋಮ್ಯೂ ಕೆಥೆಡ್ರಲ್, ದೇಶದ ಅತಿ ಎತ್ತರದ ಚರ್ಚ್ ಗೋಪುರ, 102 ಮೀಟರು. ಹತ್ತುವುದಾದರೆ ಬಿಯರಿಗೆ ಮೊದಲು ಹತ್ತಿ. ಮನೆಗೆ ಬಿಯರ್ ಒಯ್ಯುವವರು ಬಾಟಲಿ ಬಿಟ್ಟು ಡಬ್ಬಿ ಕೊಳ್ಳಿ. ಹಸಿರು ಗಾಜಿನೊಳಗೆ ಬೆಳಕು ಹಾಯ್ದು ಹಾಪ್ಸಿನ ಘಮ ಕೆಡುತ್ತದೆ, ಸೂಟ್‌ಕೇಸಿನಲ್ಲಿ ಒಡೆಯುವ ಭಯ ಬೇರೆ. ಬೆಂಗಳೂರಿನಲ್ಲಿ ಇಳಿದಾಗ ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ ಎರಡು ಲೀಟರು, ಬಿಯರೂ ಆ ಲೆಕ್ಕದಲ್ಲೇ ಸೇರುತ್ತದೆ. ಅಂದರೆ ಅರ್ಧ ಲೀಟರಿನ ನಾಲ್ಕು ಡಬ್ಬಿ. ಚೆಕ್-ಇನ್ ಚೀಲದಲ್ಲಿ ಬಟ್ಟೆ ಸುತ್ತಿ ಇಡಿ, ಊರಿಗೆ ಬಂದ ಮೇಲೆ ಒಂದು ದಿನ ಫ್ರಿಜ್ಜಿನಲ್ಲಿ ಅಲುಗಾಡದಂತೆ ನಿಲ್ಲಿಸಿ, ಗ್ಲಾಸನ್ನು ಒದ್ದೆ ಮಾಡಿಕೊಂಡು ಸುರಿಯಿರಿ.